ಬಡಿತ ಕಾಣ್ತಿಲ್ಲ ಎಂದ ಮೇಲೆ: ಕಾಯುವುದೋ, ಮಾತ್ರೆಯೋ, ಕ್ಲೀನಿಂಗೋ?

ಬಸಿರಿನ ಮೊದಲ ತಿಂಗಳುಗಳಲ್ಲಿ, ಸ್ಕ್ಯಾನ್ ಕೋಣೆಯಲ್ಲಿ ಭ್ರೂಣದ ಹೃದಯ "ಬಡಿತ ಕಾಣ್ತಿಲ್ಲ" ಎಂದ ಹತ್ತೇ ನಿಮಿಷಕ್ಕೆ "ನಾಳೆ ಖಾಲಿ ಹೊಟ್ಟೇಲಿ ಬನ್ನಿ, ಕ್ಲೀನ್ ಮಾಡೋಣ" ಎಂಬ ಮಾತೂ ಬರಬಹುದು. ಕಿವಿಗೆ ಏನೂ ಇಳಿಯದ ಹೊತ್ತದು, ಸುಮ್ಮನೆ ತಲೆಯಾಡಿಸಿ ಬರುವವರೇ ಹೆಚ್ಚು. ವಿಪರೀತ ರಕ್ತಸ್ರಾವ, ಜ್ವರ, ತಡೆಯಲಾಗದ ನೋವು ಇಲ್ಲದಿದ್ದರೆ ಅವತ್ತೇ ತೀರ್ಮಾನಿಸಬೇಕಾದ ತುರ್ತು ಸಾಮಾನ್ಯವಾಗಿ ಇರುವುದಿಲ್ಲ. ಮನೆಗೆ ಹೋಗಿ, ಅತ್ತು, ಮಲಗಿ ಎದ್ದು, ಎರಡು ದಿನ ಬಿಟ್ಟು ಹೇಳಿದರೂ ನಡೆಯುತ್ತದೆ.

ಮೊದಲು ಖಚಿತವಾಗಬೇಕಾದ್ದು ಎರಡು ವಿಷಯ. ಒಂದು, ಗರ್ಭ ಗರ್ಭಕೋಶದ ಒಳಗೇ ಇದೆಯೇ ಎಂಬುದು. ಅಂಡನಾಳದಲ್ಲಿ ಕೂತಿದ್ದರೆ ಚಿಕಿತ್ಸೆಯೇ ಬೇರೆ, ಅಲ್ಲಿ ಮುಂದೆ ಹೇಳುವ ಮಾತ್ರೆಗಳು ಕೆಲಸಕ್ಕೆ ಬರುವುದಿಲ್ಲ. ಎರಡು, ಗರ್ಭದ ಬೆಳವಣಿಗೆ ನಿಜಕ್ಕೂ ನಿಂತಿದೆಯೇ ಎಂಬುದು. ಯೋನಿಯ ಮೂಲಕ ಮಾಡಿದ ಸ್ಕ್ಯಾನ್‌ನಲ್ಲಿ ಭ್ರೂಣದ ಉದ್ದ 7 ಮಿಲಿಮೀಟರ್ ಅಥವಾ ಹೆಚ್ಚಿದ್ದೂ ಬಡಿತವಿಲ್ಲದಿದ್ದರೆ, ಅಥವಾ ಭ್ರೂಣವಿರುವ ಗರ್ಭಚೀಲದ ಸರಾಸರಿ ಅಳತೆ 25 ಮಿಲಿಮೀಟರ್ ಮುಟ್ಟಿದ್ದೂ ಒಳಗೆ ಭ್ರೂಣವೇ ಕಾಣದಿದ್ದರೆ ಗರ್ಭ ನಿಂತಿದೆ ಎನ್ನುತ್ತಾರೆ. ಅಳತೆ ಅದಕ್ಕಿಂತ ಕಡಿಮೆ ಇದ್ದರೆ 7ರಿಂದ 14 ದಿನ ಬಿಟ್ಟು ಮತ್ತೆ ನೋಡಬೇಕು. ಅಂಡ ತಡವಾಗಿ ಬಿಡುಗಡೆಯಾಗಿದ್ದರೆ ಮುಟ್ಟಿನ ಲೆಕ್ಕದಲ್ಲಿ 8 ವಾರ ಎನಿಸಿದ್ದು ನಿಜದಲ್ಲಿ 6 ವಾರವೇ ಆಗಿರಬಹುದು. ಇನ್ನೊಂದು ಸ್ಕ್ಯಾನ್ ಬೇಕು ಎನ್ನಲು ಸಂಕೋಚ ಬೇಡ.

ನಿಂತಿರುವುದು ಖಚಿತವಾದರೆ ದಾರಿ ಮೂರು. ಕಾಯುವ ದಾರಿಯಲ್ಲಿ ಗರ್ಭವನ್ನು ದೇಹವೇ ಹೊರಹಾಕುತ್ತದೆ. ಈಗಾಗಲೇ ರಕ್ತ ಶುರುವಾಗಿದ್ದರೆ ಬೇಗ ಆಗುತ್ತದೆ. ಏನೂ ಶುರುವಾಗದೆ ಬರೀ ಸ್ಕ್ಯಾನ್‌ನಲ್ಲಿ ಗೊತ್ತಾಗಿದ್ದರೆ ವಾರಗಟ್ಟಲೆ ಹಿಡಿಯಬಹುದು. ಔಷಧಿಯೂ ಇಲ್ಲ, ಆಪರೇಷನ್ನೂ ಇಲ್ಲ, ಸರಿ. ಆದರೆ ಎಲ್ಲಿ, ಯಾವಾಗ ಎಂದು ತಿಳಿಯದೆ ಬ್ಯಾಗಿನಲ್ಲಿ ಪ್ಯಾಡ್ ಇಟ್ಟುಕೊಂಡು ಓಡಾಡುವುದಿದೆಯಲ್ಲ, ಆ ಕಾಯುವಿಕೆಯೇ ಕೆಲವರನ್ನು ಹಣ್ಣು ಮಾಡಿಬಿಡುತ್ತದೆ.

ಮಾತ್ರೆಯ ದಾರಿಯಲ್ಲಿ ಎರಡು ಔಷಧಿ. ಮಿಫೆಪ್ರಿಸ್ಟೋನ್ 200 ಮಿಲಿಗ್ರಾಂ ನುಂಗಿದ ಒಂದೆರಡು ದಿನಕ್ಕೆ ಮಿಸೊಪ್ರೊಸ್ಟಾಲ್ 800 ಮೈಕ್ರೋಗ್ರಾಂ, ಹೆಚ್ಚಾಗಿ ಯೋನಿಯೊಳಗೆ. ಎರಡನೆಯದನ್ನು ಮಾತ್ರ ಕೊಡುವವರೂ ಇದ್ದಾರೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡೂ ಸೇರಿಸಿ ಕೊಟ್ಟಾಗ ಮೊದಲ ಮರುಭೇಟಿಯ ಹೊತ್ತಿಗೆ ಸುಮಾರು 84% ಮಂದಿಗೆ ಚೀಲ ಹೊರಬಿದ್ದಿತ್ತು, ಮಿಸೊಪ್ರೊಸ್ಟಾಲ್ ಒಂದನ್ನೇ ಕೊಟ್ಟಾಗ 67%. ಹಾಗಾಗಿ "ಮೊದಲನೆಯದೂ ಸಿಗುತ್ತದೆಯೇ?" ಎಂದು ಕೇಳಿಯೇ ಕೇಳಿ. ತೀವ್ರ ರಕ್ತಹೀನತೆ ಇರುವವರಿಗೆ, ರಕ್ತ ತೆಳುವಾಗಿಸುವ ಔಷಧಿಯಲ್ಲಿರುವವರಿಗೆ ಸಾಮಾನ್ಯವಾಗಿ ಈ ದಾರಿ ಹೊಂದುವುದಿಲ್ಲ. ಡಾಕ್ಟರ ಲೆಕ್ಕಾಚಾರ ತಪ್ಪಿಸಿ ಅಂಗಡಿಯಿಂದ ತಂದು ನುಂಗುವ ಮಾತ್ರೆಗಳಲ್ಲ ಇವು.

ಆ ದಿನ ಹೇಗಿರುತ್ತದೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಮಾತ್ರೆ ಇಟ್ಟುಕೊಂಡ ಮೇಲೆ ಅರ್ಧ ಗಂಟೆ ಮಲಗಿರಬೇಕು. ಮೊದಲ ಕೆಲವು ಗಂಟೆಗಳಲ್ಲಿ ಚಳಿ, ನಡುಕ, ಮೈ ಬಿಸಿ, ಭೇದಿ ಬರಬಹುದು. ಅದು ಔಷಧಿಯ ಗುಣ, ಅಷ್ಟಕ್ಕೇ ಸೋಂಕು ಎಂದು ಹೆದರಬೇಕಿಲ್ಲ. ನೋವು ಮುಟ್ಟಿನ ನೋವಿಗಿಂತ ಜೋರು, ಅಲೆ ಅಲೆಯಾಗಿ ಬರುತ್ತದೆ. ಅದು ಏರುವ ಮೊದಲೇ ಐಬುಪ್ರೊಫೆನ್ ತೆಗೆದುಕೊಳ್ಳುವುದು ಜಾಣತನ, ಮಿಸೊಪ್ರೊಸ್ಟಾಲ್‌ನ ಕೆಲಸಕ್ಕೆ ಇದರಿಂದ ಅಡ್ಡಿಯಿಲ್ಲ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇದ್ದವರು ಬೇರೆ ನೋವುನಿವಾರಕ ಕೇಳಬೇಕು. ಪಿತ್ತಜನಕಾಂಗದ ಬಣ್ಣದ ರಕ್ತದ ಗಡ್ಡೆಗಳ ನಡುವೆ ಬೂದುಬಿಳುಪಿನ, ನಾರುನಾರಾದ ಒಂದು ಮುದ್ದೆ ಕಂಡರೆ ಅದೇ ಚೀಲ. 8 ವಾರಕ್ಕೆ ಭ್ರೂಣ ಸುಮಾರು 16 ಮಿಲಿಮೀಟರ್ ಇರುತ್ತದೆ, ಮೊದಲೇ ಬೆಳವಣಿಗೆ ನಿಂತಿದ್ದರೆ ಕಣ್ಣಿಗೆ ಬೀಳದೆಯೂ ಹೋಗಬಹುದು. ನೋಡುವುದು ಬೇಡ ಎನಿಸಿದರೆ ನೋಡದಿರಿ. ಎರಡೂ ಸರಿ.

ಜೊತೆಗೊಬ್ಬರು ಇರಲೇಬೇಕು. ದೊಡ್ಡ ಪ್ಯಾಡ್ ಗಂಟೆಗೆ ಎರಡರಂತೆ ಸತತ ಎರಡು ಗಂಟೆ ಪೂರ್ತಿ ನೆನೆದರೆ, ತಲೆ ತಿರುಗಿ ಕಣ್ಣು ಕತ್ತಲಿಟ್ಟರೆ ಫೋನ್ ಮಾಡುತ್ತ ಕೂರದೆ ಆಸ್ಪತ್ರೆಗೆ ಹೊರಡಿ. ಮರುದಿನದ ನಂತರವೂ 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ದುರ್ವಾಸನೆಯ ಸ್ರಾವ ಇದ್ದರೂ ಅಷ್ಟೇ. ಇದಕ್ಕೆ ತದ್ವಿರುದ್ಧವಾಗಿ, 24 ಗಂಟೆಯಾದರೂ ರಕ್ತವೇ ಬಾರದಿದ್ದರೆ ಡಾಕ್ಟರಿಗೆ ತಿಳಿಸಿ. ಇನ್ನೊಂದು ಡೋಸ್ ಬೇಕಾಗಬಹುದು.

ಮೂರನೆಯದು, ಎಲ್ಲರೂ "ಕ್ಲೀನಿಂಗ್" ಎನ್ನುವುದು. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಹೀರುವ ವಿಧಾನವೋ, ಕೆರೆಯುವ ವಿಧಾನವೋ? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಹೀರುವುದನ್ನೇ. ಲೋಹದ ಉಪಕರಣದಿಂದ ಕೆರೆಯುವ ಹಳೆಯ ಡಿ ಅಂಡ್ ಸಿಯಲ್ಲಿ ಒಳಪದರಕ್ಕೆ ಪೆಟ್ಟಾಗಿ, ಗೋಡೆಗಳು ಒಂದಕ್ಕೊಂದು ಅಂಟಿಕೊಂಡು ಮುಂದಿನ ಬಸಿರಿಗೆ ತೊಡಕಾಗುವ ಸಾಧ್ಯತೆ ಹೆಚ್ಚು. ಹೀರುವ ಕೆಲಸ ಹತ್ತು ನಿಮಿಷದ್ದು, ಸ್ಥಳೀಯ ಅರಿವಳಿಕೆಯಲ್ಲೂ ಆಗುತ್ತದೆ. ಒಂದೇ ಸಲಕ್ಕೆ ಮುಗಿಯುವ ಖಾತರಿ ಇದರಲ್ಲೇ ಹೆಚ್ಚು. ಗರ್ಭಕೋಶಕ್ಕೆ ತೂತಾಗುವುದು ತೀರಾ ಅಪರೂಪ, ಆದರೆ ಆಗದ್ದೇನಲ್ಲ.

ಕಾರಣ ತಿಳಿಯಲು ಕ್ರೋಮೋಸೋಮ್ ಪರೀಕ್ಷೆ ಬೇಕಿದ್ದರೆ ಮೊದಲೇ ಹೇಳಿ. ಹೊರಬಂದ ಅಂಗಾಂಶದ ಮಾದರಿ ತಾಜಾ ಇರಬೇಕು, ಸಲೈನ್ ಎಂಬ ಉಪ್ಪುನೀರಿನಲ್ಲಿ ಲ್ಯಾಬಿಗೆ ಹೋಗಬೇಕು. ರೂಢಿಯಂತೆ ಕೆಡದಂತೆ ಇಡುವ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಜೀವಕೋಶ ಬೆಳೆಸಿ ನೋಡುವ ಪರೀಕ್ಷೆ ಅಲ್ಲಿಗೆ ಮುಗಿಯಿತು. ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಕ್ರೋಮೋಸೋಮ್ ದೋಷವೇ ಕಾರಣ. ಮೆಟ್ಟಿಲು ಹತ್ತಿದ್ದಕ್ಕೆ, ಆಫೀಸಿಗೆ ಹೋಗಿದ್ದಕ್ಕೆ ಆದದ್ದಲ್ಲ. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಮುಂದಿನ ಬಸಿರಿಗೆ ತೊಂದರೆಯಾಗದಂತೆ ಕೊಡುವ ಆಂಟಿ-ಡಿ ಇಂಜೆಕ್ಷನ್ ಬೇಕೇ ಎಂದು ಕೇಳಿ, ಬೇಕಿದ್ದರೆ 72 ಗಂಟೆಯೊಳಗೆ.

ಮೂರು ವಾರದ ನಂತರ ಮನೆಯಲ್ಲೇ ಪ್ರೆಗ್ನೆನ್ಸಿ ಟೆಸ್ಟ್ ಮಾಡಿ. ಇನ್ನೂ ಎರಡು ಗೆರೆ ಬಂದರೆ ಒಳಗೆ ಏನಾದರೂ ಉಳಿದಿದೆಯೇ ಎಂದು ತೋರಿಸಿಕೊಳ್ಳಬೇಕು. ಮುಟ್ಟು ಸಾಮಾನ್ಯವಾಗಿ 4ರಿಂದ 6 ವಾರಕ್ಕೆ ಬರುತ್ತದೆ, ಅಂಡ ಮಾತ್ರ ಎರಡೇ ವಾರಕ್ಕೆ ಬಿಡುಗಡೆಯಾಗಬಹುದು. ಈಗಲೇ ಬಸಿರು ಬೇಡವೆಂದರೆ ಎಚ್ಚರಿಕೆ ಇರಲಿ.

ಡಿಸ್ಚಾರ್ಜ್ ಕಾಗದದಲ್ಲಿ "ಮಿಸ್ಡ್ ಅಬಾರ್ಷನ್" ಎಂದಿರುತ್ತದೆ. ವೈದ್ಯರ ಭಾಷೆಯಲ್ಲಿ ತಾನಾಗಿ ಆದದ್ದಕ್ಕೂ "ಅಬಾರ್ಷನ್" ಎಂದೇ ಪದ. ಬೇಕೆಂದು ಕಳೆದುಕೊಂಡಂತೆ ಓದಿಸಿಕೊಳ್ಳುವ ಆ ಸಾಲು ಚುಚ್ಚುತ್ತದೆ, ಹಾಗಾಗಿ ಕಾಗದ ಬೇರೆಯವರೇ ಎತ್ತಿಡಲಿ. ಫೋನಿನಲ್ಲಿರುವ ಬಸಿರಿನ ಆ್ಯಪನ್ನೂ ಅವರ ಕೈಗೇ ಕೊಡಿ. ಬರೀ ಡಿಲೀಟ್ ಮಾಡಿದರೆ "ಈ ವಾರ ನಿಮ್ಮ ಮಗು ಇಷ್ಟು ದೊಡ್ಡದು" ಎಂಬ ಮೇಲ್‌ಗಳು ಬರುತ್ತಲೇ ಇರಬಹುದು. ಗರ್ಭ ನಿಂತಿದೆ ಎಂದು ತಿಳಿಸುವ ಆಯ್ಕೆ ಹಲವು ಆ್ಯಪ್‌ಗಳ ಸೆಟ್ಟಿಂಗ್ಸ್‌ನಲ್ಲಿದೆ, ಅದನ್ನು ಒತ್ತಿದ ಮೇಲೆ ಡಿಲೀಟ್ ಮಾಡಲಿ.