ಎಲ್‌ಎಲ್ ಅರ್ಜಿ ತೆರೆಯೋ ಮೊದಲು ಕಾಗದಪತ್ರ ಮೇಜಿನ ಮೇಲಿಡಿ

ಸಾಗರದ ಒಂದು ಆನ್‌ಲೈನ್ ಸೇವಾ ಕೇಂದ್ರದಲ್ಲಿ ನನ್ನ ಕೆಲಸ. ಪಹಣಿ, ಜಾತಿ ಪ್ರಮಾಣಪತ್ರ, ಬೆಳೆ ವಿಮೆ ಎಲ್ಲ ಇದೆ. ಆದರೆ ಜಾಸ್ತಿ ಹೊತ್ತು ಹಿಡಿಯುವುದು ಡ್ರೈವಿಂಗ್‌ನ ಎಲ್‌ಎಲ್, ಅಂದರೆ ಗಾಡಿ ಕಲಿಯುವವರಿಗೆ ಮೊದಲು ಕೊಡುವ ಲರ್ನರ್ಸ್ ಲೈಸೆನ್ಸ್.

ಬರುವವರಿಗೆ ಭಯ ಇರುವುದು ಪರೀಕ್ಷೆಯದ್ದು. ಚಿಹ್ನೆ ನೆನಪಿರುತ್ತಾ, ಮೌಸ್ ಹಿಡಿಯಕ್ಕೆ ಬರುತ್ತಾ ಅಂತ. ನೂರಕ್ಕೆ ಅರವತ್ತು ಸರಿ ಬಂದರೆ ಪಾಸು, ಒಂದೆರಡು ಸಂಜೆ ಓದಿದರೆ ಸಾಕು. ಅರ್ಜಿ ನಿಂತುಹೋಗುವುದು ಅದಕ್ಕೂ ಮೊದಲೇ. ಹೆಸರು, ಹುಟ್ಟಿದ ದಿನ, ಮೊಬೈಲ್ ನಂಬರ್, ಈ ಮೂರರಲ್ಲಿ ಒಂದು ಕೈಕೊಟ್ಟಿರುತ್ತದೆ.

ಹಾಗಾಗಿ ನಾನು ಕಂಪ್ಯೂಟರ್ ಕಡೆ ತಿರುಗುವ ಮೊದಲು ಆಧಾರ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಎರಡನ್ನೂ ಪಕ್ಕಪಕ್ಕ ಇಡಿಸುತ್ತೇನೆ. ಶಾಲೆ ಬಿಟ್ಟವರಾದರೆ ಟಿಸಿ ಅಥವಾ ಜನನ ಪ್ರಮಾಣಪತ್ರ. ಆಮೇಲೆ ಇಂಗ್ಲಿಷಿನಲ್ಲಿರುವ ಹೆಸರನ್ನು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದುತ್ತೇನೆ. ಕನ್ನಡದಲ್ಲಿ ಸರಿಯೇ ಇರುತ್ತದೆ, ತೊಂದರೆ ಅಲ್ಲಿಲ್ಲ. ಸವಿತ ಅನ್ನೋ ಹೆಸರಿಗೆ ಒಂದರಲ್ಲಿ ಟಿ ಆದ ಮೇಲೆ ಎಚ್ ಇದೆ, ಇನ್ನೊಂದರಲ್ಲಿ ಇಲ್ಲ. ಅಂಕಪಟ್ಟಿಯಲ್ಲಿ ಇನಿಶಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ. ನಮ್ಮ ಕಡೆ ಊರಿನ ಹೆಸರು, ಅಪ್ಪನ ಹೆಸರು ಎರಡೂ ಇನಿಶಿಯಲ್ಲಿನಲ್ಲಿ ಕೂತಿರುತ್ತವೆ. ಮದುವೆಯಾದ ಮೇಲೆ ಗಂಡನ ಹೆಸರೂ ಬಂದು ಸೇರುತ್ತದೆ. ಯಾವ ಅರ್ಜಿಗೆ ಯಾವ ಹೆಸರು ಕೊಟ್ಟಿದ್ದೆ ಅಂತ ಅವರಿಗೇ ನೆನಪಿರುವುದಿಲ್ಲ.

ಆಧಾರ್ ದೃಢೀಕರಣದ ದಾರಿಯಲ್ಲಿ ಅರ್ಜಿ ಹಾಕಿದರೆ ಆರ್‌ಟಿಒಗೆ ಹೋಗದೆ ಮನೆಯಲ್ಲೇ ಪರೀಕ್ಷೆ ಬರೆಯಬಹುದು. ಒಳ್ಳೆಯ ಅನುಕೂಲ. ಆದರೆ ಆಗ ಹೆಸರು, ವಿಳಾಸ, ಫೋಟೋ ಎಲ್ಲ ಆಧಾರ್‌ನಿಂದಲೇ ಬರುತ್ತದೆ. ಅಲ್ಲಿ ತಪ್ಪಿದ್ದರೆ ಎಲ್‌ಎಲ್‌ನಲ್ಲೂ ಅದೇ ತಪ್ಪು, ಮುಂದೆ ಡಿಎಲ್‌ನಲ್ಲೂ, ಅಂದರೆ ಪೂರ್ತಿ ಡ್ರೈವಿಂಗ್ ಲೈಸೆನ್ಸಿನಲ್ಲೂ ಅದೇ. ಡಿಎಲ್ ಒಮ್ಮೆ ಕೈಗೆ ಬಂದರೆ ವರ್ಷಗಟ್ಟಲೆ ಜೇಬಿನಲ್ಲಿರುತ್ತದೆ. "ಸದ್ಯಕ್ಕೆ ಆಗಲಿ, ಆಮೇಲೆ ಸರಿ ಮಾಡಿಸ್ತೀನಿ" ಅನ್ನುವವರಿಗೆ ನಾನು ಒಪ್ಪುವುದೇ ಇಲ್ಲ. ಮೊದಲು ಆಧಾರ್ ಸರಿ ಮಾಡಿಸಿ ಅನ್ನುತ್ತೇನೆ. ಅದನ್ನೂ ಯೋಚಿಸಿ ಮಾಡಬೇಕು. ಆಧಾರ್‌ನಲ್ಲಿ ಹೆಸರು ತಿದ್ದಲು ಎರಡೇ ಅವಕಾಶ, ಹುಟ್ಟಿದ ದಿನಕ್ಕೆ ಒಂದೇ. ಯಾವ ದಾಖಲೆಯ ಪ್ರಕಾರ ತಿದ್ದಬೇಕು ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೊರಡಿ.

2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಓಡಾಟಕ್ಕೆ ತೆರೆದ ಮೇಲೆ ಆಚೆ ದಡದ ತುಮರಿ ಕಡೆಯ ಹೆಂಗಸರು ಸ್ಕೂಟಿ ಕಲಿಯುತ್ತೇವೆ ಅಂತ ಬರುತ್ತಿದ್ದಾರೆ. ಲಾಂಚ್ ಕಾಯುವುದು ತಪ್ಪಿತಲ್ಲ, ಗಾಡಿ ಇದ್ದರೆ ಸಾಗರಕ್ಕೆ ಬಂದು ಹೋಗುವುದು ಸಲೀಸು. ನನಗೆ ಇದು ತುಂಬಾ ಖುಷಿ ಕೊಡುವ ವಿಷಯ. ಅವರಲ್ಲೊಬ್ಬರ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1 ಅಂತಿತ್ತು. ಟಿಸಿಯಲ್ಲಿ ಬೇರೆ ತಿಂಗಳು, ವರ್ಷವೂ ಬೇರೆ. ಟಿಸಿ ಪ್ರಕಾರ ನಲವತ್ತು ದಾಟಿತ್ತು, ಆಧಾರ್ ಪ್ರಕಾರ ಇನ್ನೂ ಇಲ್ಲ. ಇದು ಸಣ್ಣ ವಿಷಯ ಅಲ್ಲ. ನಲವತ್ತರೊಳಗಿನವರು ಸ್ವಂತ ಗಾಡಿಯ ಎಲ್‌ಎಲ್‌ಗೆ ಫಾರಂ 1ರಲ್ಲಿ ತಮ್ಮ ಆರೋಗ್ಯದ ಬಗ್ಗೆ ತಾವೇ ಬರೆದುಕೊಟ್ಟರೆ ಸಾಕು. ನಲವತ್ತು ದಾಟಿದರೆ ಫಾರಂ 1ಎ, ಅಂದರೆ ಡಾಕ್ಟರ ಪ್ರಮಾಣಪತ್ರ ಬೇಕು.

ಅವರನ್ನು ಆಧಾರ್ ತಿದ್ದುಪಡಿಗೆ ಕಳಿಸಿದೆ. ವಾಪಸ್ ಬಂದು, "ಬೆರಳೇ ತಗೊಳ್ಳಲ್ವಂತೆ" ಅಂದರು. ಕೈ ಚಾಚಿದಾಗ ನೋಡಿದೆ. ಅಡಿಕೆ ಸುಲಿದು ಸುಲಿದು ಹೆಬ್ಬೆರಳಿನ ಗೆರೆಗಳು ಸವೆದು ನುಣ್ಣಗಾಗಿದ್ದವು, ಚೊಗರು ಉಗುರಿನ ಸಂದಿಯಲ್ಲೆಲ್ಲ ಕಪ್ಪಾಗಿ ಕೂತಿತ್ತು. ಸುಲಿಯುವ ಕಾಲದಲ್ಲಿ ಮಲೆನಾಡಿನ ಎಷ್ಟೋ ಹೆಂಗಸರ ಕೈ ಹೀಗೇ ಅಲ್ವಾ? ಬೆರಳು ಬರದಿದ್ದರೆ ಕಣ್ಣಿನ ಸ್ಕ್ಯಾನ್ ಮಾಡಿ ಅಂತ ಕೇಳಬಹುದು. ಕೇಳಿ ಅಂತ ಹೇಳುವವರು ಬೇಕಷ್ಟೆ. ಕೇಳಿದರು, ಆಯಿತು.

ಮೊಬೈಲ್ ನಂಬರಿನ ಕತೆ ಬೇರೆ. ಒಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ. ಅದು ಯಾವತ್ತೋ ಬಿಟ್ಟ ಸಿಮ್ ಆಗಿರುತ್ತದೆ, ಇಲ್ಲವೇ ಬೆಂಗಳೂರಿನಲ್ಲಿರುವ ಮಗನದ್ದು. ಊರಲ್ಲಿ ಸಿಗ್ನಲ್ ಇಲ್ಲದಿದ್ದರೆ ಫೋನ್ ಹಿಡಿದು ಗುಡ್ಡ ಹತ್ತುವುದರೊಳಗೆ ಒಟಿಪಿಯ ಸಮಯ ಮುಗಿದಿರುತ್ತದೆ. ಸುಮ್ನೆ ಒದ್ದಾಡಬೇಡಿ, ನಂಬರ್ ಮೊದಲು ಬದಲಿಸಿಕೊಳ್ಳಿ. ಪೋಸ್ಟ್‌ಮ್ಯಾನ್ ಹತ್ತಿರವೂ ವಿಚಾರಿಸಿ, ಅಂಚೆ ಪೇಮೆಂಟ್ಸ್ ಬ್ಯಾಂಕ್ ಮೂಲಕ ಅವರೂ ಈ ಕೆಲಸ ಮಾಡಿಕೊಡುತ್ತಾರೆ.

ಇನ್ನು ಪಿಯುಸಿ ಮಕ್ಕಳ ಅಪ್ಪಂದಿರು. "ಹದಿನಾರಕ್ಕೇ ಎಲ್‌ಎಲ್ ಕೊಡ್ತಾರಲ್ವಾ?" ಅಂತ ಕೇಳುತ್ತಾರೆ. ಕೊಡುತ್ತಾರೆ, ಆದರೆ ಗೇರ್ ಇಲ್ಲದ, 50 ಸಿಸಿ ಮೀರದ ಗಾಡಿಗೆ ಮಾತ್ರ, ಅದೂ ಪೋಷಕರ ಒಪ್ಪಿಗೆಯ ಮೇಲೆ. ನಿಮ್ಮ ಮನೆಯಲ್ಲಿರುವುದು 110 ಸಿಸಿ ಸ್ಕೂಟರ್. ಅದಕ್ಕೆ ಹದಿನೆಂಟು ತುಂಬಲೇಬೇಕು. ಅದಕ್ಕೂ ಮುಂಚೆ ಓಡಿಸಲು ಕೊಟ್ಟು ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೂ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸೇ ಇಲ್ಲ. ನಾನು ಇದನ್ನು ಮಗುವಿನ ಎದುರಿಗೇ ಹೇಳುತ್ತೇನೆ.

ಎಲ್‌ಎಲ್ ಕೈಗೆ ಬಂದ ದಿನವೇ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಡುವವರಿದ್ದಾರೆ. ಕಲಿಯುವ ಬೈಕಿನ ಹಿಂದೆ ಡಿಎಲ್ ಇರುವ, ಕಲಿಸುವವರು ಮಾತ್ರ ಕೂರಬಹುದು. ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು ಎಲ್ ಇರಬೇಕು. ಎಲ್‌ಎಲ್‌ಗೆ ಆರು ತಿಂಗಳ ಆಯುಸ್ಸು. ಮೂವತ್ತು ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಮಳೆಗಾಲ ಕಳೀಲಿ ಅಂತ ಕೂತು ಆರು ತಿಂಗಳು ದಾಟಿಸಿಕೊಂಡವರು ನಮ್ಮಲ್ಲಿ ಬಹಳ. ಮೇ ಕೊನೆಯಲ್ಲಿ ಬರುವವರಿಗೆ ನಾನೇ ಕೇಳುತ್ತೇನೆ, ಈ ಮಳೆಯಲ್ಲಿ ಕಲಿಯುತ್ತೀರಾ ಅಥವಾ ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕೋಣವಾ ಅಂತ.

ಚಿಕ್ಕ ಮಕ್ಕಳಿರುವವರಿಗೆ ಇನ್ನೊಂದು ಮಾತು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಹುಟ್ಟಿದ ದಿನ ತೋರಿಸಲು ಜನನ ಪ್ರಮಾಣಪತ್ರವೇ ದಾಖಲೆ. ಶಾಲೆಗೂ ಅದೇ, ಮುಂದೆ ಲೈಸೆನ್ಸಿಗೂ ಅದೇ. ಬೀರುವಿನಲ್ಲಿ ಇಟ್ಟಿರುವುದನ್ನು ಒಮ್ಮೆ ತೆಗೆದು ಮಗುವಿನ ಹೆಸರು ಸೇರಿದೆಯಾ, ಅಪ್ಪ ಅಮ್ಮನ ಹೆಸರು ನಿಮ್ಮ ಆಧಾರ್‌ನಲ್ಲಿರುವ ಹಾಗೇ ಇದೆಯಾ ನೋಡಿ. ಇಲ್ಲದಿದ್ದರೆ ಮಗು ಶಾಲೆಗೆ ಸೇರುವ ಮೊದಲೇ ಸರಿ ಮಾಡಿಸಿ.