ಮಿಲಿಟ್ರಿ ಬಿಟ್ಟು ನರ್ಸ್ ಆದೆ, ಈಗ ಮಳೆ ದೀಪ ಮಾಡುತ್ತಿದ್ದೇನೆ

ಕೊಡಗಿನಲ್ಲಿ ಮಿಲಿಟ್ರಿಯಿಂದ ಪೆನ್ಶನ್ ಆಗಿ ಬಂದವನಿಗೆ ಊರವರು ಕೇಳುವುದು ಒಂದೇ: "ಇನ್ನು ಎಂತ ಮಾಡ್ತೀಯ? ಬ್ಯಾಂಕ್ ಗಾರ್ಡಾ, ತೋಟವಾ?" ನಾನು ನರ್ಸಿಂಗ್ ಓದುತ್ತೇನೆ ಎಂದಾಗ ಚಿಕ್ಕಪ್ಪ ಕಾಫಿ ಲೋಟ ಕೆಳಗಿಟ್ಟರು. "ಅದು ಹೆಣ್ಣುಮಕ್ಕಳ ಕೆಲಸ ಅಲ್ವಾ ಮಾರಾಯ?"

ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ಜಿಲ್ಲೆ ಇದು. ಇಲ್ಲಿ ಸೈನಿಕ ಅಂದರೆ ಕೋವಿಯೇ ಕಣ್ಣ ಮುಂದೆ ಬರುವುದು. ಆದರೆ ಯುನಿಟ್‌ನ ಎಂ.ಐ. ರೂಮಿನಲ್ಲಿ, ಅಂದರೆ ಅಲ್ಲಿನ ಪುಟ್ಟ ಚಿಕಿತ್ಸಾ ಕೋಣೆಯಲ್ಲಿ, ನಮ್ಮ ಗಾಯ ಕಟ್ಟಿದವರೂ ಸೈನಿಕರೇ, ಗಂಡಸರೇ. ಆರ್ಮಿ ಮೆಡಿಕಲ್ ಕೋರ್‌ನ ನರ್ಸಿಂಗ್ ಅಸಿಸ್ಟೆಂಟ್‌ಗಳು.

ನಾನು ಸಿಗ್ನಲ್ಸ್‌ನಲ್ಲಿದ್ದೆ, ಸೈನ್ಯದ ಸಂಪರ್ಕ ವಿಭಾಗದಲ್ಲಿ. ಟ್ರೈನಿಂಗ್ ಜಬಲ್ಪುರದಲ್ಲಿ. ಮುಂದೆ ಎತ್ತರದ ಒಂದು ಪೋಸ್ಟ್‌ನಲ್ಲಿದ್ದಾಗ ಒಬ್ಬ ಹುಡುಗನಿಗೆ ರಾತ್ರಿ ಉಸಿರು ಕಟ್ಟತೊಡಗಿತು. ಅಂಥ ಎತ್ತರದಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದುಂಟು. ಆಕ್ಸಿಜನ್ ಕೊಡಬೇಕು, ಆದಷ್ಟು ಬೇಗ ಕೆಳಗಿಳಿಸಬೇಕು. ಕತ್ತಲಲ್ಲಿ ಇಳಿಸುವ ಹಾಗಿರಲಿಲ್ಲ. ನಾನು ವೈರ್‌ಲೆಸ್ ಸೆಟ್‌ನಲ್ಲಿ ಕೆಳಗಿನ ಡಾಕ್ಟರಿಗೆ ಮೆಸೇಜ್ ಕೊಡುತ್ತಿದ್ದೆ. ನರ್ಸಿಂಗ್ ಅಸಿಸ್ಟೆಂಟ್ ಹುಡುಗನನ್ನು ಒರಗಿಸಿ ಕೂರಿಸಿ, ಬೆರಳಿಗೆ ಹಾಕಿದ ಆಕ್ಸಿಜನ್ ಮೀಟರ್ ನೋಡಿ ನನಗೆ ಅಂಕಿ ಹೇಳುತ್ತಿದ್ದರು. ಬೆಳಗಾಗುವವರೆಗೂ ಅವರು ಅವನ ಪಕ್ಕ ಬಿಟ್ಟು ಏಳಲಿಲ್ಲ. ಹುಡುಗ ಉಳಿದ. ನನಗೆ ಬೇಕಾದ ಕೆಲಸ ಇದೇ ಎಂದು ಅವತ್ತೇ ಅನಿಸಿತ್ತು.

ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮೂರು ವರ್ಷ. ಕ್ಲಾಸಿನಲ್ಲಿದ್ದವರೆಲ್ಲ ಪಿಯುಸಿ ಮುಗಿಸಿ ನೇರ ಬಂದ ಮಕ್ಕಳು. ಪೆನ್ಶನ್ ಹತ್ತಿರ ಬಂದ ತಮ್ಮಂದಿರಿಗೆ ಒಂದು ಮಾತು: ಇದಕ್ಕೆ ವಯಸ್ಸಿನ ಮಿತಿ ಇದೆ, ಊರಿಗೆ ಬರುವ ಮೊದಲೇ ವಿಚಾರಿಸಿಕೊಳ್ಳಿ.

ನೈಟ್ ಡ್ಯೂಟಿ, ಹ್ಯಾಂಡ್‌ಓವರ್ ಎಲ್ಲ ನನಗೆ ಹೊಸದಾಗಿರಲಿಲ್ಲ. ಹೊಸದಾಗಿ ಕಲಿತದ್ದು ಕೇಳುವ ರೀತಿ. ನಮ್ಮ ಕಡೆಯ ಹಿರಿಯರು, ಅದರಲ್ಲೂ ಮಾಜಿ ಸೈನಿಕರು, ನೋವು ಅಂತ ಬಾಯಿ ಬಿಟ್ಟು ಹೇಳುವುದೇ ಇಲ್ಲ. ಸೊಂಟದ ಆಪರೇಷನ್ ಆದ ಒಬ್ಬ ಸುಬೇದಾರ್ ಸಾಹೇಬರು ಎಷ್ಟು ಸಲ ಕೇಳಿದರೂ "ಎಂತ ಇಲ್ಲ, ಸಮ ಉಂಟು" ಅನ್ನುತ್ತಿದ್ದರು. ಮಂಚದ ಕಂಬಿ ಹಿಡಿದ ಅವರ ಕೈ ನೋಡಿದೆ. ಗೆಣ್ಣುಗಳು ಬೆಳ್ಳಗಾಗಿದ್ದವು. "ಸಾಬ್, ರಿಪೋರ್ಟ್ ಸರಿಯಾಗಿ ಕೊಡಿ. ನೋವು ಹತ್ತರಲ್ಲಿ ಎಷ್ಟು?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಎಂಟು" ಅಂದರು. ಈಗ ನಾನು ಮೊದಲು ಕೈ ನೋಡುತ್ತೇನೆ, ಆಮೇಲೆ ಮುಖ.

ಇನ್ನು ಮಳೆ ದೀಪ, ಅಂದರೆ ಬಿದ್ದ ಮಳೆಯನ್ನು ಅಳೆದು ಬಣ್ಣ ಬದಲಿಸುವ ದೀಪ. ಸೋಲ್ಡರಿಂಗ್ ಸಿಗ್ನಲ್ಸ್‌ನಲ್ಲೇ ಕೈಗೆ ಹತ್ತಿತ್ತು. ಕಾಫಿ ಬೆಳೆಯುವವರಿಗೆ ಗಿಡದಲ್ಲಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಎಷ್ಟು ಮುಖ್ಯ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಸುಮಾರು ಒಂದಿಂಚು ಬಿದ್ದರೆ ಎಂಟು ಹತ್ತು ದಿನದಲ್ಲಿ ಹೂ ಬಿಟ್ಟು ತೋಟ ಬೆಳ್ಳಗಾಗುತ್ತದೆ. ಆ ಕಾಯುವ ದಿನಗಳನ್ನು ದೀಪದಲ್ಲಿ ತೋರಿಸಬೇಕು ಅನ್ನುವ ಆಸೆ ನನ್ನದು.

ಅಂಗಳದಲ್ಲಿ 100 ಚದರ ಸೆಂಟಿಮೀಟರ್ ಬಾಯಿಯ ಒಂದು ಫನಲ್. ಅದರ ಕೆಳಗೆ ಏತದ ಹಾಗೆ ಆಡುವ ಎರಡು ಪುಟ್ಟ ಬಟ್ಟಲು. ಒಂದು ಬಟ್ಟಲಿಗೆ 2 ಮಿಲಿ ನೀರು ತುಂಬಿದರೆ ಅದು ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ವಾಲಿದಾಗಲೆಲ್ಲ ಒಂದು ಅಯಸ್ಕಾಂತ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಆನ್ ಆಗುವ ಸ್ವಿಚ್) ಮುಂದೆ ಹಾದು ಹೋಗುತ್ತದೆ. ಅಲ್ಲಿಗೆ 0.2 ಮಿಲಿಮೀಟರ್ ಮಳೆ. ಒಂದಿಂಚು ಅಂದರೆ 127 ಸಲ ವಾಲಬೇಕು. ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಲೆಕ್ಕ ಇಡುತ್ತದೆ.

ಬಟ್ಟಲನ್ನು ಸರಿಹೊಂದಿಸುವಾಗ ವಾರ್ಡಿನ ಕೆಲಸ ನೆರವಿಗೆ ಬಂತು. ನಾವು ಬಳಸುವ ಡ್ರಿಪ್ ಸೆಟ್‌ನಲ್ಲಿ 20 ಹನಿಗೆ 1 ಮಿಲಿ. 500 ಮಿಲಿ ನಾಲ್ಕು ಗಂಟೆಯಲ್ಲಿ ಹೋಗಬೇಕಾದರೆ ನಿಮಿಷಕ್ಕೆ ಸುಮಾರು 42 ಹನಿ. ವಾಚ್ ಹಿಡಿದು ಎಣಿಸಿ ಎಣಿಸಿ ಕಣ್ಣಿಗೆ ರೂಢಿಯಾಗಿದೆ. ಮೆಡಿಕಲ್ ಶಾಪಿನಿಂದ ಒಂದು ಸೆಟ್ ತಂದು ಫನಲ್ ಮೇಲೆ ತೂಗುಹಾಕಿದೆ. ನಲವತ್ತನೇ ಹನಿಗೆ ಬಟ್ಟಲು ವಾಲುವವರೆಗೆ ಅಡಿಯ ಸ್ಕ್ರೂ ತಿರುಗಿಸುತ್ತಾ ಕೂತೆ. ಎಂಥ ಖುಷಿ ಅದು!

ದೀಪ ಇರುವುದು ಅಜ್ಜಿಯ ಹಳೆಯ ಬಿದಿರು ಬುಟ್ಟಿಯೊಳಗೆ. ಮಳೆ ಬರುವಾಗ ನೀಲಿ. ಇಂಚು ದಾಟಿದರೆ ಹಸಿರು, ಆಮೇಲೆ ದಿನದಿನಕ್ಕೂ ತಿಳಿಯಾಗುತ್ತಾ ಬಿಳಿ. ಅಮ್ಮ ಬೆಳಗ್ಗೆ ಎದ್ದು ಮೊದಲು ಬುಟ್ಟಿ ನೋಡುತ್ತಾರೆ, ಆಮೇಲೆ ತೋಟ.

ಸಿಲ್ವರ್ ಓಕ್ ಎಲೆ ಬಿದ್ದು ಫನಲ್ ಕಟ್ಟಿಕೊಳ್ಳುತ್ತದೆ, ಅದಕ್ಕೊಂದು ಜಾಲರಿ ಆಗಬೇಕು. ಪಕ್ಕದ ತೋಟದ ಮಾವ ತಮಗೂ ಒಂದು ಬೇಕು ಅಂದಿದ್ದಾರೆ, ಆದರೆ ಮಿಲಿಮೀಟರ್ ಬೇಡವಂತೆ, ಇಂಚು ಸೆಂಟಿನಲ್ಲೇ (ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟು) ಬರಬೇಕಂತೆ. ಬೋರ್ಡ್ ತರಿಸಿದ್ದೇನೆ. ಮುಂದಿನ ವೀಕ್ಲಿ ಆಫ್‌ಗೆ ಕೂರಬೇಕು.