ಹಿಂಬದಿ ಪ್ರಿಂಟ್ ಮಾಡಿಸದ ಕಾರ್ಡು

ಮೇ ತಿಂಗಳು ಬಂತೆಂದರೆ ನಮ್ಮ ಆಫೀಸಿನಲ್ಲಿ ಯಾರಾದರೊಬ್ಬರು ನನ್ನ ಮುಂದೆ ನಿಂತು ಎರಡೂ ಕೈ ಮೇಲೆತ್ತಿ ಅಲ್ಲಾಡಿಸುತ್ತಾರೆ. ಎರಡು ವರ್ಷ ಆಯಿತು, ಇನ್ನೂ ಬಿಟ್ಟಿಲ್ಲ.

ಶಿಕಾಗೋ ಹೊರವಲಯದ ಒಂದು ಟೌನ್‌ಹೋಮ್ ಅಸೋಸಿಯೇಷನ್ನಿಗೆ ನಾನು ಪ್ರಾಪರ್ಟಿ ಮ್ಯಾನೇಜರ್. ಛಾವಣಿ ಸೋರಿದರೂ ನಾನೇ, ಹಿಮ ತೆಗೆಯದಿದ್ದರೂ ನಾನೇ, ಕಯೋಟಿ (ನರಿಯಂಥ ಒಂದು ಕಾಡುಪ್ರಾಣಿ) ಕಂಡರೂ ನಾನೇ. ನಮ್ಮ ವರ್ಕ್ ಆರ್ಡರ್ ಸಾಫ್ಟ್‌ವೇರಿನಲ್ಲಿ ಪ್ರಾಣಿಗಳಿಗೆ ಇರುವುದು ಮೂರೇ ಆಯ್ಕೆ: ಇರುವೆ, ಇಲಿ, ಇತರೆ. ಆ ವರ್ಷ ಏಪ್ರಿಲ್ ಅರ್ಧ ಕಳೆದ ಮೇಲೆ 'ಇತರೆ' ತುಂಬಿ ಹೋಯಿತು. ಕೊಳದ ಹತ್ತಿರ ತೋಳ ಬಂದಿದೆ. ನನ್ನ ನಾಯಿಯ ಹಿಂದೆಯೇ ಬಂತು. ದಾರಿಯಲ್ಲಿ ನಿಂತು ನನ್ನನ್ನೇ ನೋಡಿತು. ಎಲ್ಲದಕ್ಕೂ ಒಂದೇ ಉತ್ತರ ಪೇಸ್ಟ್ ಮಾಡಿ, ಡೂಪ್ಲಿಕೇಟ್ ಅಂತ ಹಾಕಿ ಕ್ಲೋಸ್ ಮಾಡುತ್ತಿದ್ದೆ.

ಹಾಗಂತ ಸುಮ್ನೆ ಕೂತಿರಲಿಲ್ಲ. ಲ್ಯಾಮಿನೇಟ್ ಮಾಡಿಸಿದ ಕಾರ್ಡನ್ನು ಮನೆಮನೆಗೂ ಹಂಚಿದ್ದೆ. ಓಡಬೇಡಿ. ಬೆನ್ನು ತೋರಿಸಬೇಡಿ. ಕೈ ಎತ್ತಿ, ಕೂಗಿ, ಸದ್ದು ಮಾಡಿ ಓಡಿಸಿ. ಫೈಲಿನಲ್ಲಿ ಎರಡು ಪುಟ ಇತ್ತು. ಎರಡೂ ಬದಿ ಕಲರ್ ಅಂದರೆ ಖರ್ಚು ಜಾಸ್ತಿ ಅಂತ ಮೇಲಿನವರು ಗೊಣಗಿದರು. ಒಂದು ಬದಿ ಸಾಕು ಬಿಡಿ ಅಂದವನು ಮಾತ್ರ ನಾನು. ಎರಡನೇ ಪುಟ ಓದಿಯೂ ಇರಲಿಲ್ಲ.

ಅವತ್ತು ಬೆಳಿಗ್ಗೆ ಆರೂ ಮುಕ್ಕಾಲು. ರಾತ್ರಿ ಜೋರು ಮಳೆ ಬಂದಿತ್ತು. ಕೊಳದ ಔಟ್‌ಲೆಟ್ ಕಟ್ಟಿಕೊಂಡಿದೆಯಾ ನೋಡಲು ಒಬ್ಬನೇ ಹೋದೆ. ಅದರ ಆಚೆ, ದಿಬ್ಬದ ಮೇಲೆ, ನೀರು ಹರಿಯದ ಒಂದು ಹಳೇ ಮೋರಿ ಪೈಪು. ಸುತ್ತ ಸೊಂಟದೆತ್ತರ ಹುಲ್ಲು. ಫೋಟೋ ತೆಗೆದೆ (ಆ್ಯಪಿನಲ್ಲಿ ಎಂದಿನಂತೆ ಅಪ್‌ಲೋಡ್ ಆಗಲಿಲ್ಲ). ತಿರುಗಿದರೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಅದು.

ತೋಳ ಅಲ್ಲ. ನಮ್ಮೂರ ನರಿಗಿಂತ ಸ್ವಲ್ಪ ದೊಡ್ಡದು, ಕಾಲು ಉದ್ದ, ಮುಖ ಚೂಪು. ಹದಿನೈದು ಕೆಜಿ ಇದ್ದರೆ ಹೆಚ್ಚು. ಇದೇನು ಮಹಾ ಅನ್ನಿಸಿತು. ಕಾರ್ಡಿನಲ್ಲಿದ್ದ ಹಾಗೆ ಕೈ ಎತ್ತಿದೆ. "ಏಯ್, ಹೋಗಾಚೆ!" ಕನ್ನಡದಲ್ಲೇ ಬಂತು. ಅದು ಹೋಗಲಿಲ್ಲ. ಬೆನ್ನು ಬಿಲ್ಲಿನ ಹಾಗೆ ಬಾಗಿಸಿ, ಬಾಯಿ ಅಗಲ ತೆರೆದು, ಬೆಕ್ಕಿನಂತೆ ಬುಸ್ ಅಂದಿತು. ಕೀ ಗೊಂಚಲು ಅಲ್ಲಾಡಿಸಿದೆ. ಎರಡು ಹೆಜ್ಜೆ ಮುಂದೆ ಬಂತು. ಬೆನ್ನು ತೋರಿಸದೆ ಹಿಂದಕ್ಕೆ ಸರಿದೆ. ಇನ್ನೂ ಹತ್ತಿರ ಬಂತು. ಮತ್ತೆ ಸರಿದೆ, ಮತ್ತೆ ಬಂತು. ನಾನು ಕಾರ್ಡಿನ ಪ್ರಕಾರ ಎಲ್ಲಾ ಸರಿಯಾಗಿಯೇ ಮಾಡುತ್ತಿದ್ದೆ. ಅದು ಮಾತ್ರ ಕಾರ್ಡು ಓದಿರಲಿಲ್ಲ.

ರೇಡಿಯೋ ಒತ್ತಿದೆ. ನಮ್ಮ ಮೇಂಟೆನೆನ್ಸಿನ ಹಿರಿಯರು ಎತ್ತಿಕೊಂಡರು. ಮೆಕ್ಸಿಕೋದವರು. ಕಯೋಟಿ ಅನ್ನುವ ಹೆಸರೇ ತಮ್ಮ ನಾಡಿನ ನಹುವಾಟ್ಲ್ ಭಾಷೆಯದು ಅಂತ ಆಗಾಗ ಹೇಳಿ, ನನ್ನ ಉಚ್ಚಾರಣೆ ತಿದ್ದುವವರು.

"ಎಲ್ಲಿದ್ದೀಯ?"

"ಕೊಳದ ಹಿಂದೆ."

"ಮೋರಿ ನಿನ್ನ ಮುಂದಿದೆಯೋ, ಹಿಂದಿದೆಯೋ?"

ಕತ್ತು ತಿರುಗಿಸಿದೆ. ಹಿಮ್ಮಡಿಯಿಂದ ನಾಲ್ಕು ಅಡಿ. ಒಳಗಿನಿಂದ ಕುಂಯ್ ಕುಂಯ್ ಅಂತ ಸಣ್ಣ ದನಿ.

"ಹಿಂದಿದೆ."

ರೇಡಿಯೋ ಸ್ವಲ್ಪ ಹೊತ್ತು ಸುಮ್ಮನಾಯಿತು. "ಮೊದಲು ಕೂಗೋದು ನಿಲ್ಲಿಸು. ಕೈ ಇಳಿಸು. ಪಕ್ಕಕ್ಕೆ ಬಾ, ನಿಧಾನ. ಅದರ ಮನೆ ಬಾಗಿಲಲ್ಲಿ ನಿಂತುಕೊಂಡು ಅದಕ್ಕೇ ಆಚೆ ಹೋಗು ಅಂತೀಯಲ್ಲ."

ಪಕ್ಕಕ್ಕೆ ಅಂದರೆ ಕೆಸರು. ಮಂಡಿವರೆಗೆ ಹೂತು, ಒಂದು ಶೂ ಅಲ್ಲೇ ಬಿಟ್ಟು ಬಂದೆ. ಅದು ಒಂದಷ್ಟು ದೂರ ಜೊತೆಜೊತೆಗೇ ಬಂತು. ಕಾಲುದಾರಿ ಸಿಕ್ಕಿದ ಮೇಲೆ ನಿಂತು ನೋಡಿ, ತಿರುಗಿ ಹೋಯಿತು. ಎರಡನೇ ಮಹಡಿಯ ಬಾಲ್ಕನಿಯಿಂದ ಯಾರೋ ಎಲ್ಲವನ್ನೂ ವಿಡಿಯೋ ಮಾಡಿದ್ದರು.

ಸಾಕ್ಸಿನಲ್ಲೇ ಕೂತು ಕ್ಲೋಸ್ ಮಾಡಿದ್ದ ಟಿಕೆಟ್‌ಗಳನ್ನು ತೆರೆದೆ. ಏಳಕ್ಕೆ ಏಳೂ ಅದೇ ಕಾಲುದಾರಿ. ಕಯೋಟಿಗಳು ಚಳಿಗಾಲದ ಕೊನೆಗೆ ಜೋಡಿ ಕೂಡಿ, ಸುಮಾರು ಎರಡು ತಿಂಗಳಿಗೆ ಮರಿ ಹಾಕುತ್ತವೆ. ಆಮೇಲೆ ಅಪ್ಪ ಅಮ್ಮ ಇಬ್ಬರೂ ಕಾಯುತ್ತಾರೆ, ಹತ್ತಿರ ಬಂದವರನ್ನು, ಅದರಲ್ಲೂ ನಾಯಿಗಳನ್ನು, ಗಡಿ ದಾಟುವವರೆಗೆ ಹಿಂಬಾಲಿಸುತ್ತಾರೆ. ಏಳು ಜನ ಬಿಲ ಎಲ್ಲಿದೆ ಅಂತ ಬೆರಳು ತೋರಿಸಿ ಹೇಳಿದ್ದರು. ನಾನು ಡೂಪ್ಲಿಕೇಟ್ ಅಂದಿದ್ದೆ. ಎರಡನೇ ಪುಟದ ಮೊದಲ ಸಾಲು: ಮರಿಗಳಿರುವ ಬಿಲದ ಹತ್ತಿರ ಕೂಗಿ ಓಡಿಸಲು ಹೋಗಬೇಡಿ, ಜಾಗ ಬಿಡಿ.

ಬೋರ್ಡ್ ಮೀಟಿಂಗಿನಲ್ಲಿ ಎಲ್ಲರಿಗೂ ಟ್ರ್ಯಾಪರ್, ಅಂದರೆ ಬಲೆ ಹಾಕಿ ಪ್ರಾಣಿ ಹಿಡಿಯುವವನು, ಬೇಕಿತ್ತು. ಮ್ಯಾನೇಜ್‌ಮೆಂಟಿಗೂ ಅದೇ ಇಷ್ಟ, ಬಿಲ್ ತೋರಿಸಿದರೆ ಕೆಲಸ ಆದ ಹಾಗೆ ಕಾಣುತ್ತದಲ್ವಾ. ಇಲ್ಲಿ ಅದಕ್ಕೆ ಪರ್ಮಿಟ್ ಬೇಕು, ಹಿಡಿದದ್ದನ್ನು ಸಾಮಾನ್ಯವಾಗಿ ಕೊಲ್ಲುತ್ತಾರೆ, ಖಾಲಿ ಬಿದ್ದ ಜಾಗಕ್ಕೆ ಇನ್ನೊಂದು ಬಂದು ಸೇರುತ್ತದೆ ಅಂದೆ. ಬೆಕ್ಕುಗಳ ಗತಿ ಏನು ಅಂತ ಒಬ್ಬರು ಎದ್ದು ನಿಂತರು. ಶಿಕಾಗೋ ಇರುವ ಇದೇ ಕುಕ್ ಕೌಂಟಿ ಸುತ್ತ 2000ರಿಂದ ಕಯೋಟಿಗಳ ಅಧ್ಯಯನ ನಡೆಯುತ್ತಿದೆ. ಅಲ್ಲಿ 1,400ಕ್ಕೂ ಹೆಚ್ಚು ಹಿಕ್ಕೆ ಪರೀಕ್ಷೆ ಮಾಡಿದಾಗ ನೂರಕ್ಕೆ 42ರಲ್ಲಿ ಇಲಿ ಜಾತಿಯ ಪ್ರಾಣಿಗಳು, 23ರಲ್ಲಿ ಹಣ್ಣು ಸಿಕ್ಕಿತ್ತು. ಬೆಕ್ಕು ನೂರಕ್ಕೆ ಒಂದು ಚಿಲ್ಲರೆ. ಅದನ್ನೇ ಓದಿ ಹೇಳಿದೆ. "ಆ ಒಂದರಲ್ಲಿ ನನ್ನದೂ ಇದ್ದರೆ?" ಅಂದರು. ಉತ್ತರ ಇರಲಿಲ್ಲ. ರಾತ್ರಿ ಒಳಗಿಟ್ಟುಕೊಳ್ಳಿ ಅಂದೆ, ಅದು ಅವರಿಗೆ ರುಚಿಸಲಿಲ್ಲ.

ಕೊನೆಗೆ ಕಾಲುದಾರಿಗೆ ಹಳದಿ ಟೇಪ್ ಕಟ್ಟಿದೆವು. ಅಳಿಲಿಗೆ ಕಡಲೆಕಾಯಿ ಸುರಿಯುತ್ತಿದ್ದ ಮನೆಗೆ ನೋಟಿಸ್ ಹೋಯಿತು. ಕಸದ ಡಂಪ್‌ಸ್ಟರಿನ ಮುರಿದ ಮುಚ್ಚಳಕ್ಕೆ ಬದಲಿ ಮೂರು ವಾರದಿಂದ ಪೆಂಡಿಂಗ್ ಇತ್ತು, ಎರಡು ದಿನದಲ್ಲಿ ಬಂತು. ಟೇಪಿನ ಬಗ್ಗೆ ಬಂದಷ್ಟು ದೂರು ಕಯೋಟಿ ಬಗ್ಗೆಯೂ ಬಂದಿರಲಿಲ್ಲ.

ವಾರದ ಫೋನಿನಲ್ಲಿ ಅಮ್ಮನಿಗೆ ಹೇಳಿದೆ. "ಬೆಳಿಗ್ಗೆ ಬೆಳಿಗ್ಗೆ ನರಿ ಮುಖ ನೋಡಿದ್ದೀಯ, ಒಳ್ಳೇದೇ ಆಗುತ್ತೆ ಬಿಡು" ಅಂದಳು.

ಜುಲೈನಲ್ಲಿ ಟೇಪ್ ಬಿಚ್ಚಲು ಹೋದಾಗ ಬಿಲ ಖಾಲಿ. ಬಾಯಲ್ಲಿ ನನ್ನ ಶೂ ಬಿದ್ದಿತ್ತು. ಲೇಸ್ ಇಲ್ಲ, ನಾಲಿಗೆ ಇಲ್ಲ, ಹಿಮ್ಮಡಿ ತುಂಬ ಪುಟ್ಟ ಪುಟ್ಟ ಹಲ್ಲಿನ ಗುರುತು. ಮೇಂಟೆನೆನ್ಸ್ ರೂಮಿನ ಶೆಲ್ಫಿನಲ್ಲಿ ಅದನ್ನು ಇಟ್ಟು, ಕೆಳಗೆ ಆ ಹಿರಿಯರು ಲೇಬಲ್ ಅಂಟಿಸಿದ್ದಾರೆ: 'ಇತರೆ'.